ಜಾಕಿಗುಂಡಿಗೆ ಆ ಹೆಸರು ಬಂದದ್ದು

ಹಿರೇಮುರಡಿ ದಾಟಿದ ಮೇಲೆ ರೈಲುಹಳಿ ಗುಡ್ಡವನ್ನು ಸೀಳಿಕೊಂಡು ಹೋಗುತ್ತದೆ. ಅಲ್ಲಿ ಬಡಗಣ ಬದಿಯಲ್ಲಿ, ಜಾಲಿಯ ಪೊದೆಗಳ ನಡುವೆ, ಎತ್ತಿನಗಾಡಿಯಷ್ಟು ದೊಡ್ಡ ಬಂಡೆಯೊಂದಿದೆ. ಅದರ ಹೆಸರು ಜಾಕಿಗುಂಡು. ಜಾಕಿ ಎಂಬ ದೊರೆಯೊಬ್ಬನನ್ನು ಅಲ್ಲಿ ಹೂಳಲಾಗಿದೆ ಎಂದು ಪೇಟೆಯವರು ನಂಬಿದ್ದಾರೆ. ಹಾಗೇನೂ ಇಲ್ಲ. ಲಾರಿಯ ಗಾಲಿ ಬಿಚ್ಚುವಾಗ ಅಡಿಗೆ ಕೊಟ್ಟು ಎತ್ತುತ್ತಾರಲ್ಲ, ಆ ಜಾಕಿಯೇ ಇದು. ಇಂಗ್ಲಿಷರಲ್ಲಿ ಜಾಕ್ ಎಂಬುದು ತೀರಾ ಸಾಮಾನ್ಯವಾದ ಗಂಡುಹೆಸರು. ಹೆಸರು ಗೊತ್ತಿಲ್ಲದ ಕೂಲಿಯಾಳನ್ನೂ ಹಾಗೆಯೇ ಕೂಗುತ್ತಿದ್ದರಂತೆ. ಆಳು ಮಾಡಬೇಕಾದ ಕೆಲಸವನ್ನು ಮಾಡುವ ಸಲಕರಣೆಗೂ ಮುಂದೆ ಅದೇ ಹೆಸರಾಯಿತು. ನಮ್ಮವರ ಬಾಯಲ್ಲಿ ಅದು ಜಾಕಿ. ಈ ಸೀಮೆಯಲ್ಲಿ ಆ ಮಾತು ಮೊದಲು ಕೇಳಿಬಂದದ್ದು ಈ ಬಂಡೆಯ ಬಳಿಯೇ ಎನ್ನುತ್ತಾರೆ.

ಹಿಂದೆ ಒಮ್ಮೆ, ಹಳಿ ಹಾಕುವ ಕಾಲದಲ್ಲಿ, ಕಲ್ಲು ಒಡೆಯುವ ಕುಟುಂಬಗಳು ಇಲ್ಲಿ ಗುಡಿಸಲು ಹಾಕಿಕೊಂಡಿದ್ದವು. ಅವರಲ್ಲಿ ಸಣ್ತಿಪ್ಪ ಮತ್ತು ಅವನ ಹೆಂಡತಿ ಹುಲಿಗೆವ್ವ ಇದ್ದರು. ಅವನು ಒಡೆದ ಕಲ್ಲನ್ನು ಅವಳು ಬುಟ್ಟಿಯಲ್ಲಿ ಹೊರುವಳು. ಒಂದು ಬೆಳಿಗ್ಗೆ ಮದ್ದು ಸಿಡಿಸಿದಾಗ ಮೇಲಿನ ಬಂಡೆ ಸಡಿಲಗೊಂಡದ್ದು ಯಾರಿಗೂ ತಿಳಿಯಲಿಲ್ಲ. ಸಣ್ತಿಪ್ಪ ಕೆಳಗೆ ಕೂತು ಉಳಿ ಹಿಡಿದಿದ್ದಾಗ ಅದು ಜಾರಿ ಬಂದು ಅವನನ್ನು ಸೊಂಟದಿಂದ ಕೆಳಕ್ಕೆ ಅದುಮಿ ನಿಂತಿತು. ಅವನು ಕೂಗಲಿಲ್ಲ. ಜನ ಓಡಿಬಂದಾಗ ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದ. ಹಾರೆ ಹಾಕಿ ಮೀಟಿದರೂ ಬಂಡೆ ಅಲುಗಲಿಲ್ಲ.

ಕೆಲಸ ನೋಡಿಕೊಳ್ಳುತ್ತಿದ್ದ ಮೇಸ್ತ್ರಿ ಅಂತೋಣಿ "ಜಾಕ್! ಜಾಕ್!" ಎಂದು ಕೂಗಿದ. ಯಾರನ್ನೋ ಕರೆಯುತ್ತಿದ್ದಾನೆಂದು ಜನ ಅತ್ತಿತ್ತ ನೋಡಿದರು. ಕೊನೆಗೆ ಅವನೇ ಡೇರೆಯಿಂದ ಆ ಸಲಕರಣೆಯನ್ನು ಹೊತ್ತು ತಂದು ಬಂಡೆಯ ಅಡಿಗೆ ಕೊಟ್ಟ. ಆದರೆ ಹಿಡಿಕೆ ತಿರುಗಿಸಲಿಲ್ಲ. ಹುಲಿಗೆವ್ವನನ್ನು ಪಕ್ಕಕ್ಕೆ ಕರೆದು, ಘಟ್ಟದ ಕೆಲಸದಲ್ಲಿ ತಾನು ಕಂಡದ್ದನ್ನು ಹೇಳಿದ.

"ಭಾರ ಇರೋವರೆಗೂ ಜೀವ ಇರುತ್ತಮ್ಮ. ಎತ್ತಿದರೆ ಹೋಗಿಬಿಡುತ್ತೆ."

"ಎತ್ತದಿದ್ರ?"

"ಸಂಜೆವರೆಗೆ ಇರಬಹುದು. ಅಷ್ಟೇ."

ಅವಳು ಹೋಗಿ ಗಂಡನ ತಲೆಯ ಬಳಿ ಕುಳಿತಳು. ನೋವು ಐತೇನು ಎಂದು ಕೇಳಿದಳು. "ಇಲ್ಲ. ಕಾಲು ಅದಾವೋ ಇಲ್ಲೋ ಗೊತ್ತಾಗವಲ್ದು" ಎಂದ. ಗುಡಿಸಲ ಬಳಿ ಕಟ್ಟಿದ್ದ ಕತ್ತೆಗೆ ನೀರು ಕುಡಿಸಿದೆಯಾ ಎಂದು ವಿಚಾರಿಸಿದ. ಆಮೇಲೆ, "ಮೇಸ್ತ್ರಿ ಏನಂದ?" ಎಂದ. ಅವಳು ಮುಚ್ಚಿಡದೆ ಹೇಳಿದಳು. ಅವಳು ಸೆರಗನ್ನು ಬಿಸಿಲಿಗೆ ಅಡ್ಡ ಹಿಡಿದು ಕೂತೇ ಇದ್ದಳು. ಹೊತ್ತು ವಾಲಿ ಅವನ ಮಾತು ತೊದಲತೊಡಗಿದಾಗ, "ಇನ್ನ ಸಾಕು. ನೀನ ತಿರುಗಿಸು, ಅವರ ಕೈಲೆ ಬ್ಯಾಡ" ಎಂದ. ಅವಳು ಎದ್ದು, ಮೇಸ್ತ್ರಿ ತೋರಿಸಿದಂತೆ ಹಿಡಿಕೆ ತಿರುಗಿಸಿದಳು. ಬಂಡೆ ಮೆಲ್ಲಗೆ ಮೇಲೆದ್ದಿತು. ಜನ ಅವನನ್ನು ಎಳೆದು ಹೊರಗೆ ಮಲಗಿಸುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವಳ ಕೈಯಿಂದ ಹಿಡಿಕೆ ಬಿಡಿಸಲು ಬಂದವರಿಗೆ ಅವಳು ಹೇಳಿದ್ದು ಒಂದೇ ಮಾತು: "ಕೆಳಗ ಇಳಿಸಬ್ಯಾಡ್ರಿ." ಅಡಿಗೆ ಕಲ್ಲುಗಳನ್ನು ಒಟ್ಟಿ, ಬಂಡೆಯನ್ನು ಎತ್ತಿದ ಹಾಗೆಯೇ ಬಿಟ್ಟು, ಮೇಸ್ತ್ರಿ ಜಾಕಿಯನ್ನು ತೆಗೆಸಿದ. ಮಣ್ಣು ಮಾಡಿದ ಮರುದಿನ ಹುಲಿಗೆವ್ವ ಬುಟ್ಟಿ ಹಿಡಿದು ಕೆಲಸಕ್ಕೆ ಬಂದಳು. ಅತ್ತದ್ದನ್ನು ಯಾರೂ ಕಾಣಲಿಲ್ಲ. ಕರೆದರೆ ಓಗೊಡುವಳು, ಇಟ್ಟರೆ ಉಣ್ಣುವಳು. ಅವಳೆದುರು ಸಣ್ತಿಪ್ಪನ ಹೆಸರು ಹಿಡಿಯಲು ಯಾರಿಗೂ ಬಾಯಿ ಬರಲಿಲ್ಲ. ಆ ಜಾಗದ ಮಾತು ಬಂದಾಗಲೆಲ್ಲ, ಜಾಕಿ ಕೊಟ್ಟ ಗುಂಡು ಎಂದರು. ಆಮೇಲೆ ಜಾಕಿಗುಂಡು ಎಂದರು. ಹಳಿ ಮುಂದಕ್ಕೆ ಹೋಯಿತು, ಅವಳೂ ಹೋದಳು. ಎಲ್ಲಿ ತೀರಿಕೊಂಡಳೋ ಗೊತ್ತಿಲ್ಲ.

ಈಗಲೂ ನೋಡಹೋದವರಿಗೆ ಬಂಡೆ ಒಂದು ಬದಿ ಎತ್ತಿಕೊಂಡೇ ಇರುವುದು ಕಾಣುತ್ತದೆ. ಅಡಿಯಲ್ಲಿ ಒಬ್ಬ ಮನುಷ್ಯ ಮಲಗುವಷ್ಟು ತಣ್ಣಗಿನ ಜಾಗವಿದೆ. ಸುತ್ತ ಬೇರೆ ನೆರಳಿಲ್ಲ. ಆದರೂ ಕುರಿ ಕಾಯುವವರು ಬಿಸಿಲಲ್ಲೇ ನಿಲ್ಲುತ್ತಾರೆ. ಒಳಗೆ ಕುರಿಗಳಷ್ಟೇ ಮಲಗುತ್ತವೆ.