ಕಾಣೆ ಮೀನಿನ ಬಾಯಿ

ಮೊಳದುದ್ದದ ಕಾಣೆ ಮೀನೊಂದು ದಡದ ಅಲೆಯಲ್ಲಿ ಸುಳಿದಾಡುತ್ತಿದೆ ಎಂದು ಕೇಳಿ ದುಗ್ಗಪ್ಪ ಮೊಗೇರ ದೊಡ್ಡ ಗಾಳ ಕಟ್ಟಿದ. ಸಣ್ಣ ಗಾಳಕ್ಕೆ ತುಕ್ಕು ಹತ್ತಿತ್ತು. ಅದನ್ನು ಇವತ್ತೇ ಎಸೆಯುವವನಿದ್ದ.

"ಗೇಣುದ್ದದ ಮೀನು ಹಿಡಿಯುವವನೇ, ನಿನ್ನ ಕಾಲ ಮುಗಿಯಿತು," ಎಂದಿತು ದೊಡ್ಡ ಗಾಳ ಸಣ್ಣದಕ್ಕೆ.

ಮೂರು ಸಲ ಬೀಸಿದರೂ ಮೀನು ಗಾಳಕ್ಕೆ ಚುಚ್ಚಿದ ಸಿಗಡಿಯನ್ನಷ್ಟೇ ಕಿತ್ತು ತಿಂದು ಹೋಯಿತು. ಬೇಸತ್ತ ದುಗ್ಗಪ್ಪ ಸಣ್ಣದನ್ನೇ ಕಟ್ಟಿದ. ಮೊದಲ ಬೀಸಿಗೇ ಮೊಳದ ಕಾಣೆ ಮರಳಿಗೆ ಬಂದು ಬಿತ್ತು.

"ಇಷ್ಟು ದೊಡ್ಡದು ನಿನಗೆ ಹೇಗೆ ಸಿಕ್ಕಿತು ಮಾರಾಯ?" ಎಂದಿತು ದೊಡ್ಡ ಗಾಳ.

"ಅಣ್ಣಾ, ಕಾಣೆಗೆ ಮೈ ಬೆಳೆದರೂ ಬಾಯಿ ಸಣ್ಣದೇ. ಗಿರಾಕಿಯ ಬಾಯಿ ನೋಡಿ ತುತ್ತು ಕೊಡಬೇಕು."

ದುಗ್ಗಪ್ಪ ಸಣ್ಣ ಗಾಳಕ್ಕೆ ಎಣ್ಣೆ ಸವರಿ ಡಬ್ಬಿಯಲ್ಲಿಟ್ಟ. ಮೀನನ್ನು ದೊಡ್ಡ ಗಾಳಕ್ಕೆ ತೂಗುಹಾಕಿಕೊಂಡು ನಗುತ್ತ ಊರೊಳಗೆ ನಡೆದ. ದಾರಿಯುದ್ದಕ್ಕೂ ಹೊಗಳಿಕೆ ದೊಡ್ಡದಕ್ಕೇ ಸಿಕ್ಕಿತು. ಸಣ್ಣದಕ್ಕೆ ನಾಳೆಯ ಕೆಲಸ ಸಿಕ್ಕಿತು.