ಲೋಳೆಸರದ ಕುಂಡಕ್ಕೆ ತೂತು ಬಂದದ್ದು

ಲೋಕ ಇನ್ನೂ ಹೊಸದಾಗಿತ್ತು. ನದಿಗಳು ತಾವು ಯಾವ ಕಡೆಗೆ ಹರಿಯಬೇಕೆಂದು ಒಂದನ್ನೊಂದು ವಿಚಾರಿಸಿಕೊಳ್ಳುತ್ತಿದ್ದ ಕಾಲ ಅದು. ಆಗ ಮೋಡವು ಮಳೆ ಸುರಿಸುವ ಮೊದಲು ಪ್ರತಿಯೊಂದು ಗಿಡದ ಬಳಿಗೂ ಹೋಗಿ, "ನಿನಗೆ ಎಷ್ಟು ಬೇಕು?" ಎಂದು ಕೇಳುತ್ತಿತ್ತು. ಕೇಳದೆ ಒಂದು ಹನಿಯನ್ನೂ ಕೊಡುತ್ತಿರಲಿಲ್ಲ.

"ನನ್ನ ಮೊಣಕಾಲು ಮುಳುಗುವಷ್ಟು ನಿಲ್ಲಿಸು," ಎಂದಿತು ಭತ್ತ.

"ದಿನವೂ ಬಾ," ಎಂದಿತು ಬಾಳೆ.

ಕಲ್ಲುಬಂಡೆಯ ಬಿರುಕಿನಲ್ಲಿ ಲೋಳೆಸರ ಕುಳಿತಿತ್ತು. ಅದು ಹೇಳಿತು: "ಒಮ್ಮೆ ಚೆನ್ನಾಗಿ ಸುರಿದು ಹೊರಟುಹೋಗು. ನಾನು ಎಲೆಗಳಲ್ಲಿ ತುಂಬಿಟ್ಟುಕೊಳ್ಳುತ್ತೇನೆ. ಅದು ಮುಗಿದು ಎಲೆ ತೆಳ್ಳಗಾದಾಗ ಬಾ. ಅದಕ್ಕೂ ಮೊದಲು ಬರಬೇಡ."

"ಬೇಡ ಎನ್ನುವವರನ್ನು ನಾನು ಇವತ್ತೇ ನೋಡಿದ್ದು," ಎಂದಿತು ಮೋಡ.

"ಬೇಡ ಎನ್ನಲಿಲ್ಲ. ಸಾಕು ಎಂದೆ."

ಮೋಡ ಆ ಮಾತನ್ನು ನೆನಪಿಟ್ಟುಕೊಂಡಿತು. ಬಂಡೆಯೂ ನೆನಪಿಟ್ಟುಕೊಂಡಿತು, ತನ್ನ ಮೇಲೆ ಬಿದ್ದ ನೀರನ್ನು ಅದು ಕೂಡಲೇ ಕೆಳಗೆ ಹರಿಯಬಿಡುತ್ತಿತ್ತು. ಹೀಗೆ ಲೋಳೆಸರ ಬಹುಕಾಲ ಹಸಿರಾಗಿ ಬದುಕಿತು.

ಬಂಡೆಯ ಕೆಳಗಿನ ಊರಿನಲ್ಲಿ ಬೊಮ್ಮಯ್ಯ ಎಂಬ ಕುಂಬಾರನಿದ್ದ. ಅವನ ಮಡಕೆಗಳು ಸೋರುತ್ತಿರಲಿಲ್ಲ. ಸೋರುವ ಮಡಕೆಯನ್ನು ಅವನು ಮನೆಯಿಂದ ಹೊರಗೆ ಹೋಗಲು ಬಿಡುತ್ತಲೇ ಇರಲಿಲ್ಲ. ಆವಿಗೆಯಲ್ಲಿ ಸುಟ್ಟು ತೆಗೆದ ಪ್ರತಿ ಮಡಕೆಯನ್ನೂ ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳುತ್ತಿದ್ದ. ಆಮೇಲೆ ನೀರು ತುಂಬಿ, ಒಣಬೂದಿಯ ಮೇಲೆ ಒಂದು ಹಗಲು ಇಡುತ್ತಿದ್ದ. ಸಂಜೆ ಬೂದಿ ಒಂದಿಷ್ಟು ಕಪ್ಪಾಗಿದ್ದರೂ ಮಡಕೆಯನ್ನು ಅಲ್ಲಿಯೇ ಒಡೆದುಹಾಕುತ್ತಿದ್ದ. ಅವನ ಅಪ್ಪನೂ ಹಾಗೆಯೇ ಮಾಡುತ್ತಿದ್ದ. ಅವರ ಮನೆತನದಲ್ಲಿ ಅದಕ್ಕಿಂತ ದೊಡ್ಡ ನಿಯಮ ಇರಲಿಲ್ಲ.

ಒಂದು ದಿನ ಆವಿಗೆಯ ಬಾಯಿ ತೆರೆಯುವಾಗ ಕೆಂಡದ ರಾಶಿ ಕುಸಿದು ಬೊಮ್ಮಯ್ಯನ ಬಲಗೈ ಸುಟ್ಟಿತು. ಅಂಗೈಯಲ್ಲಿ ಬೊಬ್ಬೆ ಎದ್ದಿತು. ಮೂರನೆಯ ದಿನ ಬೆರಳುಗಳು ಒಳಕ್ಕೆ ಮಡಚಿಕೊಂಡವು. ಅವು ಹಾಗೆಯೇ ಉಳಿದರೆ ತಿರುಗುವ ತಿಗರಿಯ ಮೇಲೆ ಮಣ್ಣನ್ನು ಎತ್ತುವ ಕೈ ಆ ಮನೆಯಲ್ಲಿ ಇನ್ನೊಂದು ಇರಲಿಲ್ಲ.

ಅವನ ಹೆಂಡತಿ ಕೆಂಚವ್ವ ಬಂಡೆ ಹತ್ತಿದಳು.

"ಲೋಳೆಸರವೇ, ನನ್ನ ಯಜಮಾನರ ಕೈ ಸುಟ್ಟಿದೆ. ಒಂದು ಎಲೆ ಕೊಡ್ತೀಯಾ?"

"ಬುಡದಲ್ಲಿರುವ ಹಳೆಯ ಎಲೆ ಕೊಯ್ದುಕೋ," ಎಂದಿತು ಲೋಳೆಸರ.

ಎಲೆ ಸೀಳಿದಾಗ ತಣ್ಣಗಿನ ತಿಳಿಯಾದ ಲೋಳೆ ಬಂದಿತು. ಅದನ್ನು ಸವರಿದ ಮರುದಿನ ಬೊಮ್ಮಯ್ಯ ಕಿರುಬೆರಳನ್ನು ಒಂದಿಷ್ಟು ಬಿಡಿಸಿದ. ಕೆಂಚವ್ವನಿಗೆ ಕಣ್ಣು ತುಂಬಿತು. ದಿನವೂ ಎಲೆ ಬೇಕಾಗುತ್ತದೆ, ದಿನವೂ ಬಂಡೆ ಹತ್ತುವುದು ಕಷ್ಟ. ಅವಳು ಗಿಡವನ್ನು ಬೇರುಸಹಿತ ಕಿತ್ತು ಮನೆಗೆ ತಂದಳು. ಅಷ್ಟೇ ಅಲ್ಲ, ಇಷ್ಟು ಉಪಕಾರ ಮಾಡಿದ ಗಿಡಕ್ಕೆ ಮನೆಯಲ್ಲಿ ಎಲ್ಲಕ್ಕಿಂತ ಒಳ್ಳೆಯದನ್ನೇ ಕೊಡಬೇಕೆಂದು ನಿಶ್ಚಯಿಸಿದಳು. ನಿನಗೇನು ಬೇಕು ಎಂದು ಮಾತ್ರ ಗಿಡವನ್ನು ಕೇಳಲಿಲ್ಲ.

ಮನೆಯಲ್ಲಿದ್ದ ಎಲ್ಲಕ್ಕಿಂತ ಒಳ್ಳೆಯ ಪಾತ್ರೆ ಒಂದು ಎಣ್ಣೆಯ ಹರವಿ. ಒಳಗೂ ಹೊರಗೂ ಅರಗು ಸವರಿದ್ದು, ಗಾಣದ ಹೊನ್ನಕ್ಕನಿಗಾಗಿ ಮಾಡಿದ್ದು. ಎರಡು ಹಗಲು ಬೂದಿಯ ಮೇಲೆ ಇಟ್ಟರೂ ಬೂದಿ ಬಿಳಿಯಾಗಿಯೇ ಇತ್ತು. ಕೆಂಚವ್ವ ಅದಕ್ಕೆ ಕೆರೆಯ ಜಿಗುಟು ಮಣ್ಣು ತುಂಬಿ, ಗಿಡ ನೆಟ್ಟು, ಅಂಚಿನವರೆಗೆ ನೀರು ಹೊಯ್ದಳು.

"ನನ್ನ ಎಣ್ಣೆ ಹರವಿಯಲ್ಲಿ ಗಿಡ ಕೂರಿಸಿದ್ಯಲ್ಲೇ!" ಎಂದಳು ಬಂದು ನೋಡಿದ ಹೊನ್ನಕ್ಕ. "ನಾನು ಎಣ್ಣೆ ಏನು ಸೆರಗಲ್ಲಿ ಕಟ್ಕೊಳ್ಳಲಾ?"

"ಇನ್ನೊಂದು ಮಾಡಿಕೊಡ್ತಾರೆ ಸುಮ್ನಿರಕ್ಕ. ಇದು ನಮ್ಮನೆ ದೇವ್ರು ಈಗ."

ದಿನವೂ ಬೆಳಿಗ್ಗೆ ಒಂದು ಚೆಂಬು ನೀರು. ಮೊದಲ ವಾರ ಎಲೆಗಳು ಉಬ್ಬಿದವು. ಎರಡನೆಯ ವಾರ ಬುಡದ ಎಲೆ ಹಳದಿಯಾಗಿ ಜೋತುಬಿದ್ದಿತು. ಬಾಡಿದ ಗಿಡವನ್ನು ಕಂಡವರು ಮಾಡುವುದನ್ನೇ ಕೆಂಚವ್ವನೂ ಮಾಡಿದಳು: ಬೆಳಿಗ್ಗೆ ಒಂದು ಚೆಂಬು, ಸಂಜೆ ಒಂದು ಚೆಂಬು.

ಜಗುಲಿಯ ಮೇಲೆ ಹಾಯುತ್ತಿದ್ದ ಗಾಳಿ ಹರವಿಯ ಬಳಿ ನಿಂತಿತು.

"ಕೆಂಚವ್ವ, ಈ ಮಣ್ಣು ನಾರುತ್ತಿದೆ."

"ಊರಿನ ನಾತವೆಲ್ಲ ಹೊತ್ತು ತಿರುಗೋನು ನೀನು. ನನ್ನ ಗಿಡಕ್ಕೆ ಕೆಟ್ಟ ಹೆಸರಿಡಬೇಡ."

"ಎಲೆ ಮುಟ್ಟಿ ನೋಡು. ಬಾಯಾರಿದ ಎಲೆ ತೆಳ್ಳಗಾಗಿ ಸುಕ್ಕುಗಟ್ಟುತ್ತದೆ. ಇದು ಒದ್ದೆ ಬಟ್ಟೆಯ ಹಾಗೆ ಮೆತ್ತಗಿದೆ."

"ನೀರು ಹಾಕೋಳು ನಾನು. ಗೊತ್ತಿರೋದು ನಿನಗಾ?"

ಗಾಳಿ ಮುಂದಕ್ಕೆ ಹಾಯಿತು. ಗೊತ್ತಿದ್ದವರ ಮಾತು ಸೋಲುವುದು ಆ ಕಾಲದಲ್ಲಿಯೂ ಹೊಸದಾಗಿರಲಿಲ್ಲ.

ಮರುದಿನ ಕೆಂಚವ್ವ ಗಂಡನ ಕೈಗೆಂದು ಎಲೆ ಕೊಯ್ದಳು. ಲೋಳೆ ಬರಲಿಲ್ಲ. ಹಳದಿ ನೀರು ಸುರಿದು ಮೂಗು ಮುಚ್ಚುವಂಥ ವಾಸನೆ ಹೊಡೆಯಿತು. ಇನ್ನೊಂದು ಎಲೆ ಕೊಯ್ದಳು. ಅದೂ ಹಾಗೆಯೇ. ಆ ದಿನ ಬೊಮ್ಮಯ್ಯನ ಕೈಗೆ ಏನೂ ಸಿಗಲಿಲ್ಲ. ಬಿಡಿಸಿಕೊಳ್ಳುತ್ತಿದ್ದ ಬೆರಳುಗಳು ಮತ್ತೆ ಬಿಗಿದವು.

"ಹೋಗಲಿ ಬಿಡೇ," ಎಂದ ಬೊಮ್ಮಯ್ಯ. ಅವನು ಕೈಯನ್ನು ನೋಡದೆ ತಿಗರಿಯನ್ನು ನೋಡುತ್ತಿದ್ದ.

ಕೆಂಚವ್ವ ಹರವಿಯನ್ನು ಬೋರಲು ಹಾಕಿದಳು. ಮಣ್ಣು ಅಂಬಲಿಯಂತೆ ಜಾರಿ ಬಿದ್ದಿತು. ಅದರ ಹಿಂದೆ ಎರಡು ವಾರಗಳಿಂದ ತಳದಲ್ಲಿ ನಿಂತಿದ್ದ ಕಪ್ಪು ನೀರು ಹೊರಬಂದಿತು.

"ಅಯ್ಯೋ ಪಾಪಿ ನೀರೇ, ಏನು ಮಾಡಿಬಿಟ್ಟೆ?"

"ನನ್ನನ್ನು ಬೈಯಬೇಡ," ಎಂದಿತು ನೀರು. "ಹೊರಗೆ ಹೋಗಲು ಬಾಗಿಲು ಹುಡುಕಿದೆ. ನಿನ್ನ ಗಂಡ ಇಟ್ಟಿರಲಿಲ್ಲ."

ಬೊಮ್ಮಯ್ಯ ತಲೆ ಎತ್ತಿದ. ಅವನ ಮಡಕೆ ಸೋರುವುದಿಲ್ಲ ಎಂದು ಆಡಿಕೊಂಡವರು ಅದುವರೆಗೆ ಯಾರೂ ಇರಲಿಲ್ಲ.

ಗಿಡದ ಬೇರುಗಳು ಕಪ್ಪಾಗಿದ್ದವು. ಮುಟ್ಟಿದರೆ ಸಿಪ್ಪೆ ಕಳಚಿ ಒದ್ದೆ ನೂಲು ಮಾತ್ರ ಕೈಗೆ ಬರುತ್ತಿತ್ತು. ನಡುವಿನ ಮೂರು ಎಲೆಗಳಷ್ಟೇ ಗಟ್ಟಿಯಾಗಿದ್ದವು.

"ನಿನಗೆ ಮೊದಲೇ ಹೇಳೋಕೆ ಏನಾಗಿತ್ತು?" ಎಂದು ಕೆಂಚವ್ವ ಅತ್ತಳು.

"ಹಳದಿಯಾದೆ. ಜೋತುಬಿದ್ದೆ. ಕೇಳದವರಿಗೆ ನಾನು ಹೇಳುವ ಭಾಷೆ ಅಷ್ಟೇ," ಎಂದಿತು ಲೋಳೆಸರ. "ಬೇರು ನೀರು ಕುಡಿಯುತ್ತದೆ; ಉಸಿರೂ ಆಡುತ್ತದೆ. ನೀನು ಕುಡಿಸಿದೆ, ಉಸಿರಿಗೆ ಬಿಡುವು ಕೊಡಲಿಲ್ಲ."

"ಈಗ ಏನು ಮಾಡಲಿ ಹೇಳು. ಈ ಸಲ ನೀನು ಹೇಳಿದ್ದಷ್ಟೇ ಮಾಡ್ತೀನಿ."

"ಕತ್ತಿಯನ್ನು ಬೆಂಕಿಗೆ ಹಿಡಿದು ಆರಿಸು. ಕಪ್ಪಾದ ಬೇರೆಲ್ಲ ಕತ್ತರಿಸು. ಕಾಂಡದಲ್ಲಿ ಕಂದು ಕಂಡರೆ ಬಿಳಿ ಸಿಗುವವರೆಗೆ ಮೇಲಕ್ಕೆ ಕತ್ತರಿಸುತ್ತಾ ಬಾ. ಕನಿಕರಕ್ಕೆ ಒಂದಿಷ್ಟನ್ನೂ ಉಳಿಸಬೇಡ. ಉಳಿಸಿದ್ದು ಮಿಕ್ಕದ್ದನ್ನೂ ಕೊಳೆಸುತ್ತದೆ. ಒಂದೊಂದು ಸಲ ಕತ್ತರಿಸಿದ ಮೇಲೂ ಕತ್ತಿಯನ್ನು ಬೆಂಕಿಗೆ ಹಿಡಿ. ಗಾಯಕ್ಕೆ ಬೂದಿ ಹಚ್ಚು. ಆಮೇಲೆ ನನ್ನನ್ನು ನೆರಳಿನಲ್ಲಿ, ಗಾಳಿ ಆಡುವ ಕಡೆ ತಲೆಕೆಳಗಾಗಿ ತೂಗುಹಾಕು. ಗಾಯ ಒಣಗಿ ಗಟ್ಟಿಯಾಗುವವರೆಗೆ ನನಗೆ ಮಣ್ಣೂ ಬೇಡ, ನೀರೂ ಬೇಡ."

ಕೆಂಚವ್ವ ಹಾಗೆಯೇ ಮಾಡಿದಳು. ಉಳಿದದ್ದು ಗೇಣುದ್ದದ ತುಂಡು, ಮೂರು ಎಲೆ.

"ಇನ್ನೊಂದು ಮಾತು," ಎಂದಿತು ಲೋಳೆಸರ. "ಮೂರರಲ್ಲಿ ಒಂದನ್ನು ಕೊಯ್ದು ಅವನ ಕೈಗೆ ಹಾಕು."

"ಬೇಡ. ನಿನಗೇ ಉಳಿದಿರೋದು ಮೂರು."

"ಎರಡರಲ್ಲಿ ಬದುಕಬಹುದು. ಬದುಕದೆಯೂ ಇರಬಹುದು. ಕೈ ಮಾತ್ರ ಕಾಯುವುದಿಲ್ಲ."

ಅವಳು ಹೊರಗಿನ ಎಲೆಯನ್ನು ಕೊಯ್ದು, ದಿನಕ್ಕೊಂದು ಬಿಲ್ಲೆಯಂತೆ ಗಂಡನ ಅಂಗೈಗೆ ಕಟ್ಟಿದಳು. ಗಿಡವನ್ನು ಬಾಗಿಲ ಮೇಲೆ ಬುಡ ಮೇಲಾಗಿ ತೂಗುಹಾಕಿದಳು.

"ಏನೇ ಕೆಂಚವ್ವ, ಬಾವಲಿ ಸಾಕ್ತಿದ್ದೀಯಾ?" ಎಂದಳು ಹೊನ್ನಕ್ಕ ಬಾಗಿಲಲ್ಲಿ ತಲೆ ತಗ್ಗಿಸಿ. "ನಿಮ್ಮನೆ ದೇವ್ರು ತಲೆಕೆಳಗಾಯ್ತಲ್ಲ."

"ನಗು ಅಕ್ಕ, ನಗು. ನೀರು ಮಾತ್ರ ಹಾಕ್ಬೇಡ."

ಆ ದಿನಗಳಲ್ಲಿ ಕೆಂಚವ್ವ ಮಾಡಿದ ಅತಿ ಕಷ್ಟದ ಕೆಲಸ ಏನನ್ನೂ ಮಾಡದೆ ಇದ್ದದ್ದು. ಬೆಳಿಗ್ಗೆ ಚೆಂಬು ತುಂಬಿಕೊಂಡು ಬಾಗಿಲವರೆಗೆ ಬರುತ್ತಿದ್ದಳು, ನಿಲ್ಲುತ್ತಿದ್ದಳು, ಆ ನೀರನ್ನು ಬಸಳೆಯ ಬುಡಕ್ಕೆ ಸುರಿದು ಒಳಗೆ ಹೋಗುತ್ತಿದ್ದಳು. ಗಾಳಿ ಮಾತ್ರ ಬಂದು ಗಿಡವನ್ನು ಮೆಲ್ಲಗೆ ತಿರುಗಿಸಿ ಹೋಗುತ್ತಿತ್ತು.

ಎಂಟನೆಯ ದಿನ ಗಾಯದ ಬಾಯಿ ಒಣ ಚರ್ಮದಂತೆ ಮುಚ್ಚಿತ್ತು. ಅದೇ ದಿನ ಎಲೆಯ ಕೊನೆಯ ಬಿಲ್ಲೆಯನ್ನು ಬಿಚ್ಚಿದಾಗ ಬೊಮ್ಮಯ್ಯನ ನಾಲ್ಕು ಬೆರಳೂ ನೇರವಾದವು. ಹೆಬ್ಬೆರಳು ಮಾತ್ರ ಇನ್ನೂ ಬಗ್ಗದೆ ಸೆಟೆದಿತ್ತು.

"ಈಗ ಅದಕ್ಕೊಂದು ಮನೆ ಬೇಕು," ಎಂದಳು ಕೆಂಚವ್ವ. "ತಳದಲ್ಲಿ ತೂತು ಇರೋ ಮಡಕೆ."

"ಏನಂದೆ?"

"ತೂತು. ನೀರು ಹೊರಗೆ ಹೋಗೋ ಹಾಗೆ."

"ಲೇ, ನಮ್ಮಪ್ಪ ಸೋರೋ ಮಡಕೆ ಒಡೆದ, ನಾನೂ ಒಡೆದೆ. ಈಗ ನಾನೇ ಕೈಯಾರೆ ತೂತು ಮಾಡ್ಲಾ? ಊರು ಏನನ್ನುತ್ತೆ?"

"ಊರು ನಿಮ್ಮ ಕೈ ವಾಸಿ ಮಾಡ್ತಾ?"

ಬೊಮ್ಮಯ್ಯ ಬಾಗಿಲ ಮೇಲೆ ಎರಡೇ ಎಲೆಗಳೊಂದಿಗೆ ತೂಗುತ್ತಿದ್ದ ಗಿಡವನ್ನು ನೋಡಿದ. ಆಮೇಲೆ ತಿಗರಿಯ ಮುಂದೆ ಕುಳಿತು ಮಣ್ಣಿನ ಮುದ್ದೆ ಇಟ್ಟ.

ಒಂದು ತಿಂಗಳಿನ ನಂತರ ತಿರುಗಿದ ತಿಗರಿ ಅದು. ಮೊದಲ ಸಲ ಮಣ್ಣು ಓರೆಯಾಯಿತು. ಎರಡನೆಯ ಸಲ ನಿಂತಿತು. ಅಗಲ ಬಾಯಿಯ ಒಂದು ಕುಂಡ ಎದ್ದಿತು. ಬೊಮ್ಮಯ್ಯ ತಿಗರಿ ನಿಲ್ಲಿಸಿದ. ಸೆಟೆದ ಹೆಬ್ಬೆರಳನ್ನು ಹಸಿಮಣ್ಣಿನ ತಳಕ್ಕೆ ಊರಿ, ಕಣ್ಣು ಮುಚ್ಚಿ, ಒತ್ತಿದ. ನೋವಿಗೆ ಮುಖ ಕಿವುಚಿತು. ಮಣ್ಣು ದಾರಿ ಬಿಟ್ಟಿತು; ಹೆಬ್ಬೆರಳಿನ ಗೆಣ್ಣು ಮಡಚಿಕೊಂಡಿತು.

"ಕೆಂಚವ್ವ!" ಎಂದು ಕೂಗಿದ. "ಬಗ್ತು ಕಣೇ! ಬೆರಳು ಬಗ್ತು!"

ಕುಂಡ ಒಣಗಿ, ಆವಿಗೆಯಲ್ಲಿ ಬೆಂದು ಹೊರಬರುವಷ್ಟರಲ್ಲಿ ಗಿಡದ ಬುಡದಲ್ಲಿ ಎರಡು ಬಿಳಿ ಬೇರು ಇಣುಕಿದ್ದವು. ಈ ಸಲ ಕೆಂಚವ್ವ ಮೊದಲು ಕೇಳಿದಳು, ಆಮೇಲೆ ನೆಟ್ಟಳು. ತೂತಿನ ಮೇಲೆ ಒಡೆದ ಮಡಕೆಯ ಬೋಕಿಯ ಚೂರು ಓರೆಯಾಗಿ ಇಟ್ಟಳು. ಮಣ್ಣಿಗೆ ಅದರಷ್ಟೇ ಹಳ್ಳದ ದಪ್ಪ ಮರಳು, ಸಣ್ಣ ಕಲ್ಲು ಬೆರೆಸಿದಳು. ನೆಟ್ಟ ಮೇಲೂ ಒಂದು ವಾರ ನೀರು ಹಾಕಲಿಲ್ಲ. ಆಮೇಲೆ ಒಂದು ಚೆಂಬು ಪೂರ್ತಿ ಸುರಿದಳು.

ನೀರು ಮಣ್ಣಿನೊಳಗೆ ಇಳಿದು, ತಳದಿಂದ ತೊಟ್ಟಿಕ್ಕಿತು. ತಾನೇ ಮಾಡಿದ ತೂತಾದರೂ ಬೊಮ್ಮಯ್ಯ ಬೆಚ್ಚಿದ.

"ಬಾಗಿಲು ಸಿಕ್ಕಿತು," ಎಂದು ಹೇಳಿ ನೀರು ತನ್ನ ದಾರಿ ಹಿಡಿಯಿತು.

ಮತ್ತೆ ನೀರು ಯಾವಾಗ ಎಂದು ಕೆಂಚವ್ವ ಗಿಡವನ್ನು ವಿಚಾರಿಸಿದಳು. "ಬೆರಳನ್ನು ಮಣ್ಣಿನಲ್ಲಿ ಎರಡು ಗೆಣ್ಣು ಊರಿ ನೋಡು. ಒಣಗಿದ್ದರೆ ಕೊಡು. ತೇವ ತಗುಲಿದರೆ ಹಿಂದಕ್ಕೆ ಹೋಗು. ಮಳೆಗಾಲದಲ್ಲಿ ನನ್ನನ್ನು ಸೂರಿನ ಕೆಳಗೆ ಇಡು. ತಳಕ್ಕೆ ತಟ್ಟೆ ಇಟ್ಟರೆ ನಿಂತ ನೀರನ್ನು ಚೆಲ್ಲು," ಎಂದಿತು ಲೋಳೆಸರ. ಎರಡು ಎಲೆಗಳ ನಡುವೆ ಮೂರನೆಯದು ಆಗ ತಾನೇ ಮೂಗು ತೋರಿಸುತ್ತಿತ್ತು.

ಆ ಗಿಡದ ಮರಿಗಳು ಊರೂರಿಗೆ ಹೋದವು. ಅವುಗಳೊಂದಿಗೆ ತಳ ತೂತಾದ ಕುಂಡಗಳೂ ಹೋದವು. ಮೋಡ ಈಗ ಯಾರನ್ನೂ ಕೇಳುವುದಿಲ್ಲ, ಗಿಡಗಳೂ ಬಾಯಿಬಿಟ್ಟು ಹೇಳುವುದಿಲ್ಲ. ಆದರೆ ನಿಮ್ಮ ಮನೆಯ ಹೂಕುಂಡವನ್ನು ಮೆಲ್ಲಗೆ ಎತ್ತಿ ತಳ ನೋಡಿದರೆ, ಬೊಮ್ಮಯ್ಯನ ವಾಸಿಯಾದ ಹೆಬ್ಬೆರಳು ನೀರಿಗೆ ತೆರೆದುಕೊಟ್ಟ ದುಂಡನೆಯ ಬಾಗಿಲು ಇಂದಿಗೂ ಅಲ್ಲಿಯೇ ಇದೆ.