ಎಮ್ಮೆ, ಬಾತು ಮತ್ತು ದೇಸಾಯರ ಕಡಲೆ ಹೊಲ

ಕೆರೆಯಂಗಳದ ಹಸಿ ಹುಲ್ಲಿನ ಮೇಲೆ ಊರ ದೇಸಾಯರ ಕಣ್ಣು ಬಿತ್ತು. ಅಲ್ಲಿ ಹುಲಿಗೆವ್ವನ ಎಮ್ಮೆಗಳು ಮೇಯುತ್ತಿದ್ದವು. ಚಳಿಗಾಲಕ್ಕೆ ಬಂದ ಕಾಡುಬಾತುಗಳೂ ಅವುಗಳ ಪಕ್ಕದಲ್ಲೇ ಹುಲ್ಲು ಕೀಳುತ್ತಿದ್ದವು.

"ಈ ಹುಲ್ಲು ಇನ್ನ ನನ್ನ ಕುದರಿಗೆ ಮಾತ್ರ. ಯಾವುದೇ ಬಾಯಿ ಹಾಕಲಿ, ಓಡಿಸು!" ಎಂದು ದೇಸಾಯರು ಹುಲಿಗೆವ್ವನಿಗೆ ಗುಡುಗಿದರು.

ಹುಲಿಗೆವ್ವನ ಎಮ್ಮೆಗಳಿಗೆ ಬೇರೆ ಮೇವಿರಲಿಲ್ಲ. ಆದರೂ ಅವಳು, "ಒಂದನ್ನೂ ಬಿಡಂಗಿಲ್ರಿ, ಧಣ್ಯಾರ," ಎಂದಳು.

ಎಮ್ಮೆಗಳನ್ನು ಕೊಟ್ಟಿಗೆಗೆ ಹೊಡೆದಳು. ಆಮೇಲೆ ಗಂಗಾಳ ಬಡಿದು ಬಾತುಗಳನ್ನೂ ಎಬ್ಬಿಸಿದಳು. ಹಸಿದ ಹಿಂಡು ಕೂಗುತ್ತ ಕೆರೆಯ ಏರಿ ದಾಟಿ, ದೇಸಾಯರ ಎಳೆ ಕಡಲೆ ಹೊಲಕ್ಕಿಳಿಯಿತು.

ದೇಸಾಯರು ರುಮಾಲು ಕೈಯಲ್ಲಿ ಹಿಡಿದು ಓಡಿ ಬಂದರು. "ಏನ್ ಮಾಡಿದಿ ಹುಲಿಗೆವ್ವಾ! ಹೊಲ ಬೋಳಾತು!"

"ಬಾತೂ ಆ ಹುಲ್ಲು ತಿಂತಾವ್ರಿ. ಅದಕ್ಕ ಓಡಿಸಿದೆ."

"ಮೊದಲ ಅವನ್ನ ಕೆರಿಗೆ ಕರಿ!"

"ನನ್ನ ಮಾತು ಎಲ್ಲಿ ಕೇಳ್ತಾವ್ರಿ? ಎಮ್ಮಿ ಮೇಯೋದು ಕಂಡ್ರ, ಅಂಜಿಕಿ ಇಲ್ಲಂತ ಬರ್ತಾವ."

ದೇಸಾಯರು ತಾವೇ ಕೊಟ್ಟಿಗೆಗೆ ಓಡಿ ಹಗ್ಗ ಬಿಚ್ಚಿದರು. ಎಮ್ಮೆಗಳು ಹುಲ್ಲಿಗಿಳಿದವು. ಸ್ವಲ್ಪ ಹೊತ್ತಿಗೆ ಬಾತುಗಳೂ ಬಂದು ಪಕ್ಕದಲ್ಲಿ ಕೂತವು.

ಅಷ್ಟರಲ್ಲಿ ಹೊಟ್ಟೆ ತುಂಬಿದ ಎಮ್ಮೆಯೊಂದು ಮನೆ ಕಡೆ ತಿರುಗಿತು. ದೇಸಾಯರು ಅಡ್ಡ ನಿಂತು ಕೈಮುಗಿದರು.

"ಯಾಕವ್ವಾ, ಇಷ್ಟ ಸಾಕೇನು? ಇನ್ನೊಂದೀಟು ತಿನ್ನು!"